ಹಳೆಯ ಅಂಗಿ, ಹೊಸ ಬೆಲೆ

ಕಳೆದ ದೀಪಾವಳಿಗೆ ಮುಂಚೆ ಹೊಸೂರಿನ ನಮ್ಮ ಜವಳಿ ಅಂಗಡಿಯ ಅಟ್ಟ ಗುಡಿಸುವಾಗ ಮೂಲೆಯಲ್ಲಿ ಒಂದು ಗೋಣಿ ಮೂಟೆ ಸಿಕ್ಕಿತು. ಬಿಚ್ಚಿದವನು ನಮ್ಮ ತಮ್ಮನ ಮಗ. ಒಳಗೆ 46 ಟೀ ಶರಟುಗಳಿದ್ದವು. ತೋಳಿನ ಮೇಲೆ ಮೂರು ಪಟ್ಟಿ, ಎದೆಯ ಮೇಲೆ ಮೂರೆಲೆಯ ಗುರುತು. ಹುಡುಗನ ಮುಖ ಅರಳಿತು. "ದೊಡ್ಡಪ್ಪಾ, ಇವು ಯಾವಾಗಿನವು?" ಎಂದ. 1996ರವು ಎಂದೆವು. "ಹೆಚ್ಚು ಕಡಿಮೆ ಮೂವತ್ತು ವರ್ಷದ ಮಾಲು! ಒಂದೊಂದಕ್ಕೂ ಎರಡು ಸಾವಿರ ಬರುತ್ತೆ" ಎಂದು ಎಣಿಸಲು ಕೂತ. ಮೂರನೆಯದನ್ನು ಎತ್ತಿ ಕುತ್ತಿಗೆಯ ಹತ್ತಿರದ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದವನು ಸುಮ್ಮನಾದ. ಆಮೇಲೆ, "ದೊಡ್ಡಪ್ಪಾ, ಇದು ಅಸಲಿಯಾ?" ಎಂದು ಕೇಳಿದ.

ಇದೇ ಮಾಲಿನ ಬಗ್ಗೆ ಇದೇ ಪ್ರಶ್ನೆಯನ್ನು ನಮ್ಮನ್ನು ಇನ್ನೊಬ್ಬರು ಮೊದಲೇ ಕೇಳಿದ್ದರು. ಆ ಸಂಗತಿಗೆ ಆಮೇಲೆ ಬರುತ್ತೇವೆ. ಮೂವತ್ತು ವರ್ಷದ ಟೀ ಶರಟಿಗೆ ಎರಡು ಸಾವಿರ ಯಾರು ಕೊಡುತ್ತಾರೆ, ಯಾಕೆ ಕೊಡುತ್ತಾರೆ ಎಂಬುದನ್ನು ಮೊದಲು ಹೇಳಬೇಕು. ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಈಗ ಹುಡುಗರು ಫೋನಿನಲ್ಲಿ ಚಿತ್ರ ಹಾಕಿ ಹಳೆಯ ಕ್ರೀಡಾ ಉಡುಪು ಮಾರುತ್ತಿದ್ದಾರೆ. ಹಿರಿಯರಿಗೆ ಅದು ಮಕ್ಕಳಾಟದಂತೆ ಕಾಣುತ್ತದೆ, ಇಲ್ಲವೇ ಕೀಳು ಕಸುಬಿನಂತೆ ಕಾಣುತ್ತದೆ. ನಮಗೂ ಹಾಗೆಯೇ ಕಂಡಿತ್ತು.

ಮೂರು ವರ್ಷದ ಕೆಳಗೆ ಹುಡುಗ ಈ ಕೆಲಸ ಶುರು ಮಾಡಿದಾಗ ಮೊದಲು ತಕರಾರು ಎತ್ತಿದವರು ಮನೆಯ ಹೆಂಗಸರು. ಯಾರೋ ಉಟ್ಟು ಬಿಟ್ಟ ಬಟ್ಟೆ ಮನೆಯೊಳಗೆ ಬೇಡ, ನಮ್ಮ ಯಂತ್ರದಲ್ಲಿ ಒಗೆಯುವುದು ಬೇಡವೇ ಬೇಡ ಎಂದರು. ನಮ್ಮ ತಮ್ಮ, "ನಾಲ್ಕು ತಲೆಮಾರು ಹೊಸ ಥಾನು ಹರಿದು ಮಾರಿದ ಮನೆ, ಈಗ ಹಳೇ ಬಟ್ಟೆ ಮಾರುವುದಾ?" ಎಂದು ನೊಂದುಕೊಂಡ. ಅಂಗಡಿಯ ಹಿಂದಿನ ಖಾಲಿ ಕೋಣೆಯಲ್ಲಿ ಬೇರೆ ಯಂತ್ರ ಇಟ್ಟುಕೊಳ್ಳಲಿ ಎಂದು ಹೇಳಿ ನಾವು ಜಗಳ ಮುಗಿಸಿದೆವು.

ಆದರೆ ಯೋಚಿಸಿ ನೋಡಿದರೆ ಹಳೆಯ ಬಟ್ಟೆಗೆ ಬೆಲೆ ಇರುವುದು ನಮಗೇನು ಹೊಸದಲ್ಲ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಬೀದಿಗೆ ಬಂದರೆ ನಮ್ಮ ಮನೆಗಳಲ್ಲೇ ಪ್ಯಾಂಟು ಶರಟು ಗುಡ್ಡೆ ಹಾಕಿ ಡಬ್ಬಿ, ಬೋಸಿ ಚೌಕಾಸಿ ಮಾಡಿದವರಿದ್ದಾರೆ. ಅಸಲಿ ಜರಿಯ ಹಳೆಯ ಸೀರೆಯನ್ನು ತೂಕಕ್ಕೆ ಕೊಂಡು, ಬೆಳ್ಳಿ ಕರಗಿಸಿ ತೆಗೆಯುವ ವ್ಯಾಪಾರ ಬೆಂಗಳೂರಿನ ಪೇಟೆಯಲ್ಲಿ ಬಹಳ ಕಾಲದಿಂದ ಇದೆ. ಕೊಂಡ ದಿನದ ಬೆಲೆಗಿಂತ ಹೆಚ್ಚು ಹಣ ಎಣಿಸಿಕೊಂಡು ಬಂದವರನ್ನು ನಾವೇ ಕಂಡಿದ್ದೇವೆ. ಅಲ್ಲಿ ಬೆಲೆ ಬೆಳ್ಳಿಯದು. ಈ ಹುಡುಗರ ವ್ಯಾಪಾರದಲ್ಲಿ ಬೆಲೆ ನೆನಪಿನದು.

ಆ ನೆನಪಿಗೆ ಹೊರದೇಶದಲ್ಲಿ ಎಷ್ಟು ಕೊಡುತ್ತಾರೆಂದರೆ, 1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಆಡುವಾಗ ಮರಡೋನಾ ತೊಟ್ಟಿದ್ದ ಅಂಗಿ 2022ರ ಮೇ ತಿಂಗಳಲ್ಲಿ ಲಂಡನ್ನಿನ ಸಾಥ್‌ಬೀಸ್ ಹರಾಜಿನಲ್ಲಿ 71 ಲಕ್ಷ ಪೌಂಡಿಗೂ ಮೇಲೆ ಹೋಯಿತು. ಅದೇ ವರ್ಷ ಬಾಸ್ಕೆಟ್‌ಬಾಲಿನ ಮೈಕೆಲ್ ಜೋರ್ಡಾನ್ 1998ರ ಫೈನಲಿನಲ್ಲಿ ತೊಟ್ಟ ಜೆರ್ಸಿ 1 ಕೋಟಿ ಡಾಲರ್ ದಾಟಿತು. ಇವು ದೊಡ್ಡವರ ಹುಚ್ಚು, ಬಿಡಿ. ನಮ್ಮಂಥ ವ್ಯಾಪಾರಿಗಳು ನೋಡಬೇಕಾದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಇಬ್ಬರು ಯುವಕರನ್ನು. ಡಗ್ ಬಿಯರ್ಟನ್, ಮ್ಯಾಥ್ಯೂ ಡೇಲ್ ಎಂಬ ಈ ಇಬ್ಬರು 2006ರಲ್ಲಿ ಹಳೆಯ ಫುಟ್‌ಬಾಲ್ ಅಂಗಿಗಳನ್ನು ಕೊಂಡು ಮಾರಲು ಶುರು ಮಾಡಿದರು. ಅವರ ಕ್ಲಾಸಿಕ್ ಫುಟ್‌ಬಾಲ್ ಶರ್ಟ್ಸ್ ಇವತ್ತು ದೊಡ್ಡ ಕಂಪನಿ. ಸಾಮಾನ್ಯ ಅಭಿಮಾನಿ ತಾನು ಹುಡುಗನಾಗಿದ್ದಾಗ ಆಸೆಪಟ್ಟೂ ಕೊಳ್ಳಲಾಗದ ಅಂಗಿಯನ್ನು ದುಡಿಯುವ ವಯಸ್ಸಿನಲ್ಲಿ ಕೊಳ್ಳುತ್ತಾನೆ. ಅವರ ಬಂಡವಾಳ ಅದು.

ನಮ್ಮ ದೇಶದಲ್ಲಿ ಆ ಆಸೆ ಹುಟ್ಟಿದ ಕಾಲವೂ ನಮಗೆ ಗೊತ್ತು. ಅಡಿಡಾಸ್ ಇಲ್ಲಿಗೆ ಬಂದದ್ದು 1989ರಲ್ಲಿ, ಬಾಟಾದವರಿಗೆ ಲೈಸೆನ್ಸ್ ಕೊಟ್ಟು. ನಮ್ಮ ಹೊಸೂರಿನ ಸಿಪ್ಕಾಟ್‌ನಲ್ಲೇ ಬಾಟಾದವರು ಕಾರ್ಖಾನೆ ತೆರೆದು ಅದಕ್ಕೆ ಬಾಟಾಶತಕ ಎಂದು ಹೆಸರಿಟ್ಟಿದ್ದರು. 1995ರಲ್ಲಿ ನೈಕಿ, ರೀಬಾಕ್ ಬಂದವು. ಹೆಸರು ದೊಡ್ಡದಾಯಿತು, ಬೆಲೆ ಕೈಗೆಟುಕಲಿಲ್ಲ. ಈ ಕಂಪನಿಗಳ ಹುಟ್ಟಿನ ಕಥೆಯಲ್ಲೂ ನಮ್ಮಂಥ ಮನೆತನದವರಿಗೆ ಒಂದು ವಿಷಯವಿದೆ. ಜರ್ಮನಿಯ ಒಂದು ಸಣ್ಣ ಊರಿನ ಡಾಸ್ಲರ್ ಅಣ್ಣತಮ್ಮಂದಿರು ಒಟ್ಟಾಗಿ ಷೂ ಕಾರ್ಖಾನೆ ನಡೆಸುತ್ತಿದ್ದರು. ಮನಸ್ತಾಪವಾಗಿ ಪಾಲಾದರು. ಅಣ್ಣ ರುಡಾಲ್ಫ್ 1948ರಲ್ಲಿ ಪೂಮಾ ಮಾಡಿದ, ತಮ್ಮ ಆಡಿ 1949ರಲ್ಲಿ ಅಡಿಡಾಸ್ ಮಾಡಿದ. ಊರೇ ಎರಡು ಪಕ್ಷವಾಯಿತು. ನೈಕಿಯವರ ಬಾಗಿದ ಗೆರೆಯ ಗುರುತಿಗೆ 1971ರಲ್ಲಿ ಬಿಡಿಸಿದ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್‌ಸನ್ ಪಡೆದದ್ದು 35 ಡಾಲರ್. ಇವತ್ತು ಆ ಗೆರೆ ಇದ್ದರೆ ಅಂಗಿಗೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು. ಹಾಗಾಗಿ ಗುರುತಿನ ಸುತ್ತಲೇ ಮೋಸವೂ ನಡೆಯುತ್ತದೆ.

ಅಸಲಿ ಹಳೆಯದನ್ನು ಪತ್ತೆ ಮಾಡುವ ವಿದ್ಯೆ ಹುಡುಗ ನಮಗೆ ಕಲಿಸಿದ. ಚಿನ್ನದ ಅಂಗಡಿಯವರಿಗೆ ಒರೆಗಲ್ಲು ಇದ್ದಂತೆ ಇದು. ಚೀಟಿಯ ಮೇಲೆ ಪಶ್ಚಿಮ ಜರ್ಮನಿಯಲ್ಲಿ ತಯಾರಾದದ್ದು ಎಂದಿದ್ದರೆ, ಆ ದೇಶ 1990ರ ಅಕ್ಟೋಬರಿನಲ್ಲಿ ಪೂರ್ವ ಜರ್ಮನಿಯೊಡನೆ ಒಂದಾದದ್ದರಿಂದ, ಮಾಲು ಅದಕ್ಕೂ ಹಿಂದಿನದು. ಅಡಿಡಾಸ್‌ನ ಮೂರೆಲೆಯ ಗುರುತು 1970ರ ದಶಕದ ಆರಂಭದಲ್ಲಿ ಬಂತು. 1990ರ ದಶಕದಲ್ಲಿ ಅದರ ಜಾಗಕ್ಕೆ ಓರೆಯಾದ ಮೂರು ಪಟ್ಟಿಯ ಗುರುತು ಬಂತು. ಆಮೇಲೆ ಹಳೆಯ ಮಾದರಿಯ ಬಟ್ಟೆಗೆಂದು ಮೂರೆಲೆಯನ್ನು ಮತ್ತೆ ತಂದರು, ಆದ್ದರಿಂದ ಎಲೆ ಇದ್ದ ಮಾತ್ರಕ್ಕೆ ಹಳೆಯದಲ್ಲ. ಹಳೆಯ ಟೀ ಶರಟಿನ ತೋಳಿನ ಅಂಚಿಗೆ ಒಂದೇ ಸಾಲು ಹೊಲಿಗೆ ಇರುವುದುಂಟು. ಈಚಿನದಕ್ಕೆ ಸಾಮಾನ್ಯವಾಗಿ ಎರಡು ಸಾಲು. ನೈಕಿಯ ಈಚಿನ ಬಟ್ಟೆಗಳ ಒಳಚೀಟಿಯಲ್ಲಿ ಮಾಲಿನ ಸಂಖ್ಯೆ ಇರುತ್ತದೆ. ಅದನ್ನು ಹುಡುಕಿ ನೋಡಿದರೆ ಅದೇ ಬಟ್ಟೆ, ಅದೇ ಬಣ್ಣ ಬರಬೇಕು. ನಕಲಿ ಮಾಡುವವರು ಸಾಮಾನ್ಯವಾಗಿ ಒಂದೇ ಸಂಖ್ಯೆಯನ್ನು ನೂರು ಬಗೆಯ ಬಟ್ಟೆಗೆ ಹೊಲಿದುಬಿಡುತ್ತಾರೆ. ಸೋಮಾರಿತನ ಅವರನ್ನು ಹಿಡಿದುಕೊಡುತ್ತದೆ.

ಲಾಭದ ಲೆಕ್ಕ ಕೇಳದೆ ನಮ್ಮ ಓದುಗರು ಬಿಡುವುದಿಲ್ಲ. ಹುಡುಗನ ಪುಸ್ತಕದಿಂದ ಒಂದು ಮೂಟೆಯದನ್ನು ಕೊಡುತ್ತೇವೆ. 40 ಕಿಲೋ ವಿಂಗಡಿಸದ ಮಾಲು, ಕಿಲೋಗೆ 180 ರೂಪಾಯಿಯಂತೆ 7,200. ಬಿಚ್ಚಿದಾಗ 160 ತುಂಡು. ಅದರಲ್ಲಿ 90 ಕೆಲಸಕ್ಕೆ ಬಾರದವು. ಅವು ಒರೆಸುವ ಬಟ್ಟೆಗೆಂದು 22 ಕಿಲೋ, 35ರಂತೆ 770 ರೂಪಾಯಿಗೆ ಹೋದವು. 45 ಸಾಧಾರಣ ಮಾಲು 150ರಂತೆ. 19 ಚೆನ್ನಾದವು 600ರಂತೆ. ಬರಿ 6 ತುಂಡು 2,200ರಂತೆ. ಒಟ್ಟು ಬಂದದ್ದು 32,120. ಒಗೆಯುವುದು, ಸಾಗಣೆ, ಕೊರಿಯರ್ ಸೇರಿ 4,900 ಖರ್ಚು. ಉಳಿದದ್ದು 20,020. ಬಾಯಲ್ಲಿ ನೀರೂರುತ್ತದೆ ಅಲ್ಲವೇ? ಆದರೆ ಮಾರಲು ಮೂರು ತಿಂಗಳು ಹಿಡಿಯಿತು, ಮತ್ತು ಲಾಭವೆಲ್ಲ ಆ 6 ಮತ್ತು 19 ತುಂಡುಗಳಲ್ಲೇ ಇದೆ. ಮುಂದಿನ ಮೂಟೆಯಲ್ಲಿ ಅಂಥದ್ದು ಒಂದೂ ಬರಲಿಲ್ಲ, ಕೈಯಿಂದ ಎರಡು ಸಾವಿರ ಹೋಯಿತು. ಸಾಲ ತಂದು ಮಾಡುವ ವ್ಯಾಪಾರವಲ್ಲ ಇದು.

ಮಾಲು ಎಲ್ಲಿಂದ ಬರುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ನಾವಿರುವ ಜಾಗ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅತ್ತ 40 ಕಿಲೋಮೀಟರಿನಲ್ಲಿ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳು, ಇತ್ತ ತಿರುಪ್ಪೂರು. ಕೃಷ್ಣಗಿರಿ ದಾಟಿದರೆ ಬರ್ಗೂರಿನ ಸಗಟು ಜವಳಿ ಪೇಟೆ. ಅದೇ ಬರ್ಗೂರಿನ ಸಿಪ್ಕಾಟ್‌ನಲ್ಲಿ ತೈವಾನಿನ ಫೆಂಗ್ ಟೇ ಗುಂಪಿನ ಕಾರ್ಖಾನೆಗಳು ನೈಕಿಗೆ ಷೂ ಮಾಡುತ್ತವೆ. ರಫ್ತಿನವರ ಹೆಚ್ಚುವರಿ ಮಾಲು, ತಿರಸ್ಕೃತ ಮಾಲು ಬಿಲ್ಲಿನ ಮೇಲೆ ಹೊರಗೆ ಬಂದರೆ ಅದು ವ್ಯಾಪಾರ. ರಾತ್ರಿ ಹಿಂಬಾಗಿಲಿನಿಂದ ಬಂದರೆ ಅದು ಬೇರೆ.

ದಶಲಕ್ಷಣ ಪರ್ವದ ಹತ್ತು ದಿನ ಬಸದಿಯಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರ ಓದಿಸುತ್ತಾರೆ. ಏಳನೆಯ ದಿನ ವ್ರತಗಳ ಅಧ್ಯಾಯ. ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳನ್ನು ವರ್ಷ ವರ್ಷವೂ ಕೇಳಿ ಮನೆಗೆ ಬಂದು ಊಟ ಮಾಡಿದವರು ನಾವು. ಈ ಹುಡುಗನ ವ್ಯಾಪಾರ ನೋಡಿದ ಮೇಲೆ, ಉಮಾಸ್ವಾಮಿ ಆಚಾರ್ಯರು ಪೇಟೆಬೀದಿಯಲ್ಲಿ ಕೂತು ಬರೆದರೇನೋ ಅನ್ನಿಸಿತು. ಕದ್ದು ತಂದ ಮಾಲನ್ನು ಕೊಳ್ಳುವುದು ತದಾಹೃತಾದಾನ. ಕದ್ದವನು ಬೇರೆ, ನಾನು ದುಡ್ಡು ಕೊಟ್ಟು ಕೊಂಡೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ಒಬ್ಬ ಒಂದೇ ಅಳತೆಯ, ಒಂದೇ ಬಣ್ಣದ ಚೀಟಿ ಕೀಳದ ಹೊಸ ಜಾಕೆಟ್ 60 ತೋರಿಸಿ ಕಾಲು ಬೆಲೆಗೆ ಕೊಡುತ್ತೇನೆ ಎಂದಾಗ ಹುಡುಗ ಬಿಲ್ ಕೇಳಿದ. ಆತ ಗಂಟು ಕಟ್ಟಿದ. ಅವತ್ತು ಹುಡುಗನ ಮೇಲೆ ನಮಗೆ ಮೊದಲ ಸಲ ಗೌರವ ಬಂತು.

ಇನ್ನೊಂದು ವಿರುದ್ಧರಾಜ್ಯಾತಿಕ್ರಮ, ರಾಜ್ಯದ ಕಟ್ಟಳೆ ಮೀರಿ ವ್ಯಾಪಾರ ಮಾಡುವುದು. ಗಡಿಯಲ್ಲಿ ಕೂತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅತ್ತಿಬೆಲೆ, ಜೂಜುವಾಡಿ ಚೆಕ್‌ಪೋಸ್ಟ್‌ಗಳ ಕಾಲದಲ್ಲಿ ಲಾರಿ ಯಾವ ದಾರಿ ಬಳಸಿ ಹೋಗುತ್ತಿತ್ತು ಎಂದು ಎಲ್ಲರಿಗೂ ಗೊತ್ತು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದ ಮೇಲೆ ಮಾರಾಟ ತೆರಿಗೆಯ ಆ ಕಟ್ಟೆಗಳು ಹೋದವು, ಆಸೆ ಹೋಗಲಿಲ್ಲ. ಹಳೆಯ ಮಾಲಿನವರಿಗೆ ಕಾನೂನೇ ಒಂದು ಅನುಕೂಲ ಕೊಟ್ಟಿದೆ. ಕೊಂಡಾಗಿನ ತೆರಿಗೆಯನ್ನು ವಾಪಸು ಕೇಳದೆ, ಒಗೆದು ಒಪ್ಪ ಮಾಡುವಂಥ ಸಣ್ಣ ಕೆಲಸವಷ್ಟೇ ಮಾಡಿ ಮಾರಿದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ. ಇದು 32ನೇ ನಿಯಮದ 5ನೇ ಉಪನಿಯಮ. ನಿಮ್ಮ ಲೆಕ್ಕಿಗರನ್ನು ಕೇಳಿ ಇದರ ಪ್ರಕಾರವೇ ಬರೆಯಿಸಿ. ವಿದೇಶದಿಂದ ಉಟ್ಟ ಬಟ್ಟೆ ತರಿಸುವುದಕ್ಕೆ ಮಾತ್ರ ನಿರ್ಬಂಧವಿದೆ, ಲೈಸೆನ್ಸ್ ಬೇಕು. ಕಾಂಡ್ಲಾದ ವಿಶೇಷ ವಲಯದಲ್ಲಿ ಅದನ್ನು ವಿಂಗಡಿಸುವ ಘಟಕಗಳಿವೆ. ಮತ್ತೆ ಉಡಲಾಗದಂತೆ ಕತ್ತರಿಸಿದ ಚಿಂದಿ ಪಾಣಿಪತ್ತಿಗೆ ಹೋಗಿ ನೂಲಾಗುತ್ತದೆ. ಚಿಂದಿಯ ಹೆಸರಿನಲ್ಲಿ ಒಳಗೆ ನುಸುಳಿದ ಇಡೀ ಅಂಗಿಗಳ ಮೂಟೆ ಅಗ್ಗಕ್ಕೆ ಸಿಗುತ್ತದೆ ಎಂದು ದಲ್ಲಾಳಿ ಹೇಳಿದರೆ, ಅಗ್ಗ ಯಾಕೆ ಎಂದು ಒಮ್ಮೆ ಕೇಳಿಕೊಳ್ಳಿ.

ತೂಕದ ಅತಿಚಾರದ ಮಾತು ಸಣ್ಣದು. ಕಿಲೋ ಲೆಕ್ಕದ ಮೂಟೆಗೆ ನೀರು ಚಿಮುಕಿಸಿ ತೂಗುವವರಿದ್ದಾರೆ, ಅಷ್ಟೇ.

ಶ್ರಾವಕರಿಗೆ ಬೇಡವೆಂದ ಹದಿನೈದು ಕರ್ಮಾದಾನಗಳಲ್ಲಿ ಬಟ್ಟೆ ವ್ಯಾಪಾರವಿಲ್ಲ. ನಮ್ಮ ಹಿರಿಯರು ಜವಳಿ ಹಿಡಿದದ್ದಕ್ಕೆ ಇದೂ ಒಂದು ಕಾರಣ. ಆದರೆ ಕ್ರೀಡಾ ಉಡುಪು ಎಂದರೆ ಬಟ್ಟೆ ಮಾತ್ರವಲ್ಲ, ಷೂ ಕೂಡ. ಹಣ ಹೆಚ್ಚು ಇರುವುದೇ ಷೂನಲ್ಲಿ. 1985ರಲ್ಲಿ ಬಂದ ಏರ್ ಜೋರ್ಡಾನ್ ಮೊದಲ ಮಾದರಿ ಚರ್ಮದ್ದು. ಹೆಸರಾದ ಫುಟ್‌ಬಾಲ್ ಷೂಗಳಲ್ಲಿ ಎಷ್ಟೋ ಕಾಂಗರೂ ಚರ್ಮದವು. ನೈಕಿ, ಪೂಮಾ 2023ರಲ್ಲಿ ಇನ್ನು ಕಾಂಗರೂ ಚರ್ಮ ಬಳಸುವುದಿಲ್ಲ ಎಂದವು. ಆದರೆ ಹಳೆಯ ಮಾಲು ಹಳೆಯ ಚರ್ಮದ್ದೇ ತಾನೆ. ಚಳಿಯ ಜಾಕೆಟ್ಟಿನೊಳಗೆ ಬಾತುಕೋಳಿಯ ತುಪ್ಪಳವಿರುತ್ತದೆ. ಹುಡುಗನೊಡನೆ ನಮ್ಮ ಕರಾರು ಒಂದೇ. ಹತ್ತಿ, ಪಾಲಿಯೆಸ್ಟರ್, ನೈಲಾನ್ ಮಾತ್ರ. ಇದರಿಂದ ಅವನ ಗಳಿಕೆ ಅರ್ಧಕ್ಕೆ ಇಳಿಯಿತೆಂದು ಅವನು ಹೇಳುತ್ತಾನೆ. ನಿಜವಿರಬಹುದು. ಮೂಟೆಗೆ ನುಸಿ ಹತ್ತಿದ್ದರೆ ಔಷಧಿ ಹೊಡೆಯುವುದಿಲ್ಲ. ತಾರಸಿಯ ಮೇಲೆ ನಿಧಾನವಾಗಿ ಕೊಡವಿ ಬಿಸಿಲಿಗೆ ಹರಡುತ್ತಾನೆ, ಎರಡು ದಿನ ಹೆಚ್ಚು ಹಿಡಿಯುತ್ತದೆ.

ಕಲೆ, ತೂತು, ಸವೆದ ಅಂಚು, ಎಲ್ಲವನ್ನೂ ಹುಡುಗ ಚಿತ್ರದ ಕೆಳಗೆ ಬರೆಯುತ್ತಾನೆ. ಹೀಗೆ ಬರೆದರೆ ಕೊಳ್ಳುವವರು ಓಡಿಹೋಗುತ್ತಾರೆ ಎಂದು ನಮ್ಮ ತಮ್ಮ ಹೇಳುತ್ತಿದ್ದ. ಓಡಿಹೋಗಲಿಲ್ಲ, ವಾಪಸು ಬರುವ ಮಾಲು ಕಡಿಮೆಯಾಯಿತು. ಹೋದ ವರ್ಷ ಷಿಲ್ಲಾಂಗಿನ ಒಬ್ಬರಿಗೆ 3,200ಕ್ಕೆ ಜೆರ್ಸಿ ಕಳಿಸಿದ್ದ. ಎರಡು ವಾರ ಕಳೆದು ಅದೇ ಸಂಖ್ಯೆಯ ಇನ್ನೊಂದು ಬಟ್ಟೆ ಕಣ್ಣಿಗೆ ಬಿದ್ದು, ತಾನು ಮಾರಿದ್ದು ನಕಲಿ ಎಂದು ಗೊತ್ತಾಯಿತು. ಕೊಂಡವರಿಗೆ ಅನುಮಾನವೇ ಬಂದಿರಲಿಲ್ಲ. ಇವನೇ ಫೋನ್ ಮಾಡಿ ಹೇಳಿ ಹಣ ಕಳಿಸಿದ. ಅಪ್ಪ ಬೈದ. ನಾವು ಬೈಯಲಿಲ್ಲ, ಹೊಗಳಲೂ ಇಲ್ಲ. ಹೊಗಳಲು ನಮಗೆ ಬಾಯಿ ಬರಲಿಲ್ಲ. ಅದಕ್ಕೆ ಕಾರಣ ಅಟ್ಟದ ಮೇಲೆ ಇತ್ತು.

1996ರ ಮಾರ್ಚ್ ತಿಂಗಳು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 9ನೇ ತಾರೀಕು ಭಾರತ ಪಾಕಿಸ್ತಾನವನ್ನು 39 ರನ್ನಿನಿಂದ ಸೋಲಿಸಿತ್ತು. ವೆಂಕಟೇಶ ಪ್ರಸಾದ್ ಅಮೀರ್ ಸೊಹೇಲನ ಸ್ಟಂಪ್ ಉರುಳಿಸಿದ್ದೇ ಎಲ್ಲರ ಬಾಯಲ್ಲಿ. ಸಿಪ್ಕಾಟ್‌ನ ಹುಡುಗರಿಗೆ ಆಟದ ಬಟ್ಟೆ ಎಂದರೆ ಹುಚ್ಚು. ಆಗ ಒಬ್ಬ ದಲ್ಲಾಳಿ ರಫ್ತಿನ ಹೆಚ್ಚುವರಿ ಮಾಲು ಎಂದು 300 ಟೀ ಶರಟು ತಂದ. ಒಂದಕ್ಕೆ 38 ರೂಪಾಯಿ. ನಾವು 120ಕ್ಕೆ ಇಟ್ಟೆವು. ಬಿಸಿ ದೋಸೆಯಂತೆ ಹೋದವು.

ಡೆಂಕಣಿಕೋಟೆ ಕಡೆಯ ಒಬ್ಬ ಹುಡುಗ, ಕಾರ್ಖಾನೆಯಲ್ಲಿ ಅಪ್ರೆಂಟಿಸ್, ಮೊದಲ ತಿಂಗಳ ಹಣದಲ್ಲಿ ತಮ್ಮನಿಗೆಂದು ಒಂದು ಕೊಂಡಿದ್ದ. ತಮ್ಮ ಶಾಲೆಯ ಕಬಡ್ಡಿ ತಂಡದಲ್ಲಿದ್ದನಂತೆ. ಒಂದೇ ಒಗೆತಕ್ಕೆ ತೋಳಿನ ಪಟ್ಟಿ ಎದ್ದು ಬಂತು. ಅಂಗಡಿಗೆ ತಂದು ಕೌಂಟರಿನ ಮೇಲೆ ಹರಡಿ, "ಸಾರ್, ಇದು ಅಸಲಿನಾ?" ಎಂದು ಕೇಳಿದ. ಜಗಳವಾಡುವ ದನಿಯಲ್ಲ, ತಿಳಿದುಕೊಳ್ಳುವ ದನಿ. ನಾವು, "ಈ ರೇಟಿಗೆ ಅಸಲಿ ಎಲ್ಲಪ್ಪಾ ಬರುತ್ತೆ?" ಎಂದೆವು. ಪಕ್ಕದಲ್ಲಿದ್ದ ಗಿರಾಕಿಗಳು ನಕ್ಕರು. ಗಲ್ಲಾದಿಂದ 120 ರೂಪಾಯಿ ತೆಗೆದು ಕೊಟ್ಟೆವು. ಅವನು ಎಣಿಸದೆ ಜೇಬಿಗೆ ಹಾಕಿಕೊಂಡು, ಅಂಗಿ ಅಲ್ಲೇ ಬಿಟ್ಟು ಹೋದ. ಮತ್ತೆ ನಮ್ಮ ಅಂಗಡಿ ಹತ್ತಲಿಲ್ಲ.

ಅವನು ಹೋದ ಮೇಲೆ ಕುತ್ತಿಗೆಯ ಚೀಟಿ ಬಿಚ್ಚಿ ನೋಡಿದೆವು. ಕೆಳಗೆ ಬೇರೆ ಚೀಟಿ ಕತ್ತರಿಸಿ ತೆಗೆದ ದಾರ ಉಳಿದಿತ್ತು. ಪ್ರತಿರೂಪಕ ವ್ಯವಹಾರ ಎಂದು ಸೂತ್ರ ಹೇಳುವುದು ಇದನ್ನೇ, ಒಂದನ್ನು ಇನ್ನೊಂದರ ರೂಪದಲ್ಲಿ ಮಾರುವುದು. ದಲ್ಲಾಳಿ ನಮಗೆ ಮೋಸ ಮಾಡಿದ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಈ ರೇಟಿಗೆ ಅಸಲಿ ಬರುವುದಿಲ್ಲ ಎಂಬುದು ಹುಡುಗನಿಗೆ ಹೇಳುವಾಗ ನಮಗೆ ಗೊತ್ತಿತ್ತಲ್ಲ, 38ಕ್ಕೆ ಕೊಳ್ಳುವಾಗಲೂ ಗೊತ್ತಿತ್ತು. ಮಾರಾಟ ನಿಲ್ಲಿಸಿದೆವು. ಧರ್ಮಬುದ್ಧಿಯಿಂದ ನಿಲ್ಲಿಸಿದೆವು ಎಂದರೆ ಸುಳ್ಳಾಗುತ್ತದೆ. ಅಂಗಡಿಗಳ ಮೇಲೆ ದಾಳಿ ನಡೆಯುತ್ತಿದೆ ಎಂಬ ಸುದ್ದಿ ಆ ವಾರ ಬೆಂಗಳೂರಿನಿಂದ ಬಂದಿತ್ತು. ಹೆದರಿ ಉಳಿದ 46ನ್ನು ಅಟ್ಟಕ್ಕೆ ಹಾಕಿಸಿದೆವು. 254 ಜನರಿಗೆ ಮಾರಿ ಆಗಿತ್ತು. ಮೂಟೆಯ ಪೂರ್ತಿ ಅಸಲು ಕಳೆದು 19,080 ರೂಪಾಯಿ ಲಾಭ. ಅವರ ವಿಳಾಸ ಒಂದೂ ನಮ್ಮಲ್ಲಿಲ್ಲ.

ಈ ಕಥೆಯನ್ನು ಅಟ್ಟದ ಕೆಳಗೆ ಕೂತು ಹುಡುಗನಿಗೆ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ದೊಡ್ಡಪ್ಪಾ, ಹಳೆಯ ನಕಲಿಗೂ ಈಗ ಗಿರಾಕಿ ಇದ್ದಾರೆ. ನಕಲಿ ಅಂತ ಬರೆದೇ ಮಾರುತ್ತೇನೆ, ಸುಳ್ಳು ಹೇಳಿದಂತೆ ಆಗುವುದಿಲ್ಲ" ಎಂದ. ಮಾತಿನಲ್ಲಿ ತಪ್ಪು ಹುಡುಕಲು ನಮಗೆ ಎರಡು ದಿನ ಬೇಕಾಯಿತು. ಒಂದು, 1999ರ ಟ್ರೇಡ್ ಮಾರ್ಕ್ಸ್ ಕಾಯಿದೆ. ನ್ಯಾಯವಾಗಿ ಕೊಂಡ ಅಸಲಿ ಮಾಲನ್ನು ಮರುಮಾರಾಟ ಮಾಡಲು ಅದರ 30ನೇ ಕಲಮು ಅವಕಾಶ ಕೊಡುತ್ತದೆ, ಮಾಲಿನ ಸ್ಥಿತಿ ಬದಲಾಯಿಸಿರಬಾರದು ಅಷ್ಟೆ. ಸುಳ್ಳು ಗುರುತಿನ ಮಾಲು ಮಾರಿದರೆ 104ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದ ತನಕ ಸಜೆ, 50 ಸಾವಿರದಿಂದ 2 ಲಕ್ಷದ ತನಕ ದಂಡ. ಎರಡನೆಯದು ನಾವೇ ಯೋಚಿಸಿದ್ದು. ನಕಲಿ ಎಂಬ ನಿನ್ನ ಬರಹ ನಿನ್ನಿಂದ ಕೊಂಡವನ ತನಕ ಹೋಗುತ್ತದೆ. ಅವನು ಇನ್ನೊಬ್ಬನಿಗೆ ಮಾರುವಾಗ ಆ ಬರಹ ಹೋಗುವುದಿಲ್ಲ, ಅಂಗಿ ಮಾತ್ರ ಹೋಗುತ್ತದೆ.

ಹುಡುಗ ವಾದ ಮಾಡಲಿಲ್ಲ. ಒಂದು ಅಂಗಿಯನ್ನು ಮಾತ್ರ ತನಗೆ ಬೇಕೆಂದ, ನಕಲಿ ಹೊಲಿಗೆ ಹೇಗಿರುತ್ತದೆ ಎಂದು ಪಕ್ಕದಲ್ಲಿಟ್ಟು ನೋಡುವುದಕ್ಕೆ. ಕೊಟ್ಟೆವು. ಉಳಿದ 45ರ ಚೀಟಿ, ಗುರುತು, ಪಟ್ಟಿ ಎಲ್ಲ ಬಿಚ್ಚಿ, ಕತ್ತರಿಸಿ, ಕಾರ್ಖಾನೆಗಳಿಗೆ ಒರೆಸುವ ಬಟ್ಟೆ ಕೊಡುವ ಬನಿಯನ್ ವೇಸ್ಟಿನವರಿಗೆ ಹಾಕಿದೆವು. 8 ಕಿಲೋ 100 ಗ್ರಾಂ ತೂಗಿತು. ಕಿಲೋಗೆ 40ರಂತೆ 324 ರೂಪಾಯಿ. ಕಿರ್ದಿಯಲ್ಲಿ ಹುಡುಗನೇ ಬರೆದ.